ಮೂತಿ ಎತ್ತಿದ ದೋಣಿ

ಬೇಲೂರಿನ ಯಗಚಿ ಹಿನ್ನೀರಿನಲ್ಲಿ ನಿಮ್ಮ ದೋಣಿಯ ಎಂಜಿನ್ ಒಮ್ಮೆ ಕೆಮ್ಮಿದರೆ ಸಾಕು, ಟೀ ಲೋಟವನ್ನು ಅರ್ಧಕ್ಕೇ ಬಿಟ್ಟು ಮೀನುಗಾರ ಗಿಡ್ಡಯ್ಯನವರು ದಡದಲ್ಲಿ ಹಾಜರಾಗುತ್ತಾರೆ. ಯಾರೂ ಕರೆದಿರುವುದಿಲ್ಲ. ಮೊದಲು ಹೊಗೆ ಮೂಸಿ 'ಆಯಿಲ್ ಜಾಸ್ತಿ ಆಗೈತೆ' ಎನ್ನುತ್ತಾರೆ. ಆಮೇಲೆ ನೀರೊಳಗೆ ತಿರುಗುವ ಎಂಜಿನ್ ಫ್ಯಾನಿಗೆ ಸುತ್ತಿಕೊಂಡ ಬಲೆಯ ಎಳೆಗಳನ್ನು, ಮಗುವಿನ ತಲೆಯಿಂದ ಹೇನು ಹೆಕ್ಕುವಂತೆ ಬಿಡಿಸುತ್ತಾರೆ. ಮೀನಿನ ಹತ್ತಿರ ಸದ್ದಿಲ್ಲದೆ ಸರಿಯಲು ಈಗ ಎಲ್ಲರೂ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿ ಮೋಟರನ್ನೂ ಹಾಕಿಸಿಕೊಳ್ಳುತ್ತಿದ್ದಾರಲ್ಲ, ಅಂದಿನಿಂದ ಅವರ ಉಪದೇಶ ಇಮ್ಮಡಿಯಾಗಿದೆ. 'ಹಿಂದ್ಗಡೆ ಎಂಜಿನ್ನು, ಹಿಂದ್ಗಡೆ ನೀನು, ಬ್ಯಾಟರೀನೂ ಹಿಂದ್ಗಡೆನೇ ಮಡಗಿದ್ರೆ ದೋಣಿ ಮೂತಿ ಎತ್ತದೆ ಇರ್ತೈತೇನ್ಲಾ? ಮುಂದಕ್ಕಾಕು, ಪೆಟ್ರೋಲ್ ಉಳೀತೈತೆ.' ಬೀಗರೂಟದ ಪಂಕ್ತಿಯಲ್ಲೂ ಇದೇ ಮಾತು. ಎಲೆಯ ತುದಿಗೆ ಮುದ್ದೆ ಸರಿಸಿ ಭಾರದ ಲೆಕ್ಕ ತೋರಿಸುತ್ತಾರೆ. ಪಕ್ಕದವನು ಉಣ್ಣುವುದನ್ನು ನಿಲ್ಲಿಸಿ ನೋಡಲೇಬೇಕು. ಅವರ ಮಾತು ಕೇಳಿದವರ ದೋಣಿಗಳೆಲ್ಲ ನೀರಿನ ಮೇಲೆ ಮಟ್ಟಸವಾಗಿ ಓಡುತ್ತವೆ. ಅವರದೊಂದೇ ಮೂತಿ ಎತ್ತಿಕೊಂಡು, ಏದುಸಿರು ಬಿಡುತ್ತಾ ಹೋಗುವುದು. ಅವರ ಬ್ಯಾಟರಿ ಇರುವುದು ಹಿಂದೆ, ಅವರ ಕಾಲಬುಡದಲ್ಲೇ. ಒಮ್ಮೆ ನಾನೇ ಅದನ್ನೆತ್ತಿ ಮುಂದಿನ ಹಲಗೆಯ ಮೇಲಿಡಲು ಹೋದೆ. ಗಿಡ್ಡಯ್ಯನವರು ಕೈ ಅಡ್ಡ ಹಿಡಿದರು. 'ಅಲ್ಲಿ ಬ್ಯಾಡ ಕಣ್ರೀ. ಅದು ಬೋರಮ್ಮ ಕೂರೋ ಜಾಗ.' ಆ ಹಲಗೆಯ ಮೇಲೆ ಕೂತು ಜೀವಮಾನವೆಲ್ಲ ಬಲೆ ಬಿಟ್ಟ ಅವರ ಹೆಂಡತಿ ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ಅವರ ದೋಣಿ ಮೂತಿ ಎತ್ತಲು ಶುರುಮಾಡಿದ್ದು ಆಮೇಲೆಯೇ.