ಬೂಟುಗಳನ್ನು ನೋಡಿ ಹಾಡಿದವರು

ನಮ್ಮ ಟೆಕ್ಸಸ್ ಸೀಮೆಯ ಕಂಟ್ರಿ ಗಾಯನದ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಬರೆದು, ಕೊನೆಯ ಪುಟಗಳಲ್ಲಿ ಗಾಯಕರ ಹೆಸರುಗಳನ್ನು ಸಾಲಾಗಿ ಮುದ್ರಿಸಿದವರೂ ಬಹಳ ಮಂದಿ. ಆ ಸಾಲುಗಳಲ್ಲಿ ‘ಕುಬೇನಾ, ವೈನೆಲ್’ ಎಂಬ ಹೆಸರನ್ನು ಬೆರಳಿಟ್ಟು ಹುಡುಕಿ, ಸಿಗದೆ, ಪುಸ್ತಕವನ್ನು ಧಪ್ಪನೆ ಮುಚ್ಚಿದ ಸಂದರ್ಭಗಳು ನನ್ನ ಬದುಕಿನಲ್ಲಿ ಹತ್ತಾರಿವೆ. ಅವರ ಹೆಸರಿಲ್ಲದ ಚರಿತ್ರೆ ಉಪ್ಪಿಲ್ಲದ ಅಡುಗೆ ಎಂದರೆ, ‘ಹೋಬರ್ಟ್ ಸ್ಟಕಿಗೆ ಅಭಿಮಾನ ಸ್ವಲ್ಪ ಜಾಸ್ತಿ’ ಎಂದು ನನ್ನನ್ನು ನೋಡಿ ನಗುವವರಿದ್ದಾರೆ. ನಗಲಿ ಬಿಡಿ! ಅಭಿಮಾನವಿಲ್ಲದವನು ಅಭಿನಂದನ ಲೇಖನ ಬರೆಯುವುದಾದರೂ ಹೇಗೆ?

ದೊಡ್ಡ ಊರುಗಳ ರೆಕಾರ್ಡಿಂಗ್ ಕೋಣೆಗಳಲ್ಲಿ ಯಂತ್ರದ ಡ್ರಮ್ಮುಗಳು ಕುಟ್ಟತೊಡಗಿದ್ದ ಎಂಬತ್ತರ ದಶಕದಲ್ಲಿ, ಒಂದು ಪಿಟೀಲು, ಒಂದು ಸ್ಟೀಲ್ ಗಿಟಾರು, ಸುಳ್ಳು ಹೇಳದ ಒಂದು ಕಂಠ ಇಷ್ಟಿದ್ದರೆ ಹಾಡಿಗೆ ಬೇರೇನೂ ಬೇಡವೆಂದು ತೋರಿಸಿಕೊಟ್ಟ ಮಹನೀಯರು ಶ್ರೀಮತಿ ವೈನೆಲ್ ಕುಬೇನಾ ಅವರು. ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿ, ವಾರಕ್ಕೊಮ್ಮೆ ವ್ರಾನಾ ಊರಿನ ಎಂಟು ಮೂಲೆಯ ಮರದ ಡಾನ್ಸ್ ಹಾಲಿನಲ್ಲಿ ಆ ಮಕ್ಕಳ ಅಪ್ಪ ಅಮ್ಮ ಅಜ್ಜ ಅಜ್ಜಿಯರನ್ನೆಲ್ಲ ಕುಣಿಸಿದವರು. 1972ರಲ್ಲಿ ಹತ್ತಿದ ವೇದಿಕೆಯಿಂದ ಈ ವಸಂತದಲ್ಲಿ, ಎಪ್ಪತ್ತೈದರ ಪ್ರಾಯದಲ್ಲಿ, ಇಳಿದಿದ್ದಾರೆ. ಅವರ ಬಗಲಲ್ಲಿ ಕುಳಿತು, ಸ್ಟೀಲ್ ಗಿಟಾರನ್ನು ಎದುರಿಗೆ ಅಡ್ಡ ಮಲಗಿಸಿಟ್ಟು ನುಡಿಸಿದ ಭಾಗ್ಯ ನನ್ನದು.

ಹಾಲಿನ ಸಮಿತಿಯವರು ನಾಲ್ಕು ಒಳ್ಳೆಯ ಮಾತು ಬರೆದುಕೊಡು ಎಂದು ಕೇಳಿದರು. ನಾಲ್ಕಲ್ಲ, ನಾನೂರು ಬರೆಯಬಲ್ಲೆ. ಆದರೆ ಅವುಗಳ ನಡುವೆ ಕೆಟ್ಟದೊಂದು ಇದೆ, ಅದನ್ನೂ ಬರೆಯಲೇಬೇಕು. ಅವರ ಹೆಸರು ದೇಶಕ್ಕೆ ತಿಳಿಯಬೇಕಾಗಿದ್ದ ಒಂದೇ ಒಂದು ರೆಕಾರ್ಡು ಯಾರಿಂದ ಕೆಟ್ಟಿತೆಂಬ ವಿಷಯದಲ್ಲಿ ಊರು ಮೂವತ್ತೊಂಬತ್ತು ವರ್ಷಗಳಿಂದ ತಪ್ಪು ಕಥೆಯನ್ನು ನಂಬಿಕೊಂಡಿದೆ. ಮೊನ್ನೆ ಮೊನ್ನೆಯವರೆಗೆ ನಿಜ ಬಲ್ಲವರು ಇಬ್ಬರೇ. ಒಬ್ಬರು ದೊಡ್ಡ ಮನಸ್ಸಿನಿಂದ ಬಾಯಿ ಬಿಡಲಿಲ್ಲ. ಇನ್ನೊಬ್ಬನಿಗೆ ಧೈರ್ಯ ಸಾಲಲಿಲ್ಲ. ಆ ಇನ್ನೊಬ್ಬ ನಾನೇ.

ನಾನು ಅವರ ತಂಡ ಸೇರಿದ್ದು 1979ರಲ್ಲಿ, ಹತ್ತೊಂಬತ್ತರ ಹುರುಪಿನಲ್ಲಿ. ಕಲಿತದ್ದನ್ನೆಲ್ಲ ಮೊದಲ ಹಾಡಿನಲ್ಲೇ ಸುರಿದುಬಿಡಬೇಕೆಂಬ ಆಸೆ. ಅವರು ಒಂದು ಸಾಲು ಹಾಡುವಷ್ಟರಲ್ಲಿ ನಾನು ಹತ್ತು ಸಾಲು ನುಡಿಸುತ್ತಿದ್ದೆ. ಹಾಡು ಮುಗಿದ ಕೂಡಲೇ ಹೆಗಲ ಮೇಲಿದ್ದ ಕೈವಸ್ತ್ರವನ್ನು ತೆಗೆದು ನನ್ನ ತಂತಿಗಳ ಮೇಲೆ ಹೊದಿಸಿದರು.

“ನೋಡು ಮಗಾ, ಇಲ್ಲಿ ಇಬ್ರು ಒಟ್ಟಿಗೆ ಬಾಯಿ ಮಾಡ್ತಾ ಇದ್ದೀವಿ. ಒಬ್ರು ಸುಮ್ನಿರ್ಬೇಕು. ಅದು ನಾನಂತೂ ಅಲ್ಲ.”

ಹಾಲಿಗೆ ಹಾಲೇ ನಕ್ಕಿತು. ನನ್ನ ಕಿವಿ ಕೆಂಪಾಯಿತು. ಆದರೆ ಅಂದು ಮನೆಗೆ ಹೊರಡುವಾಗ ಅದೇ ಕೈವಸ್ತ್ರದಲ್ಲಿ ಜರ್ದಾಳು ಹಣ್ಣಿನ ಕೋಲಾಚಿ ಬನ್ನು ಆರು ಕಟ್ಟಿ ಕೊಟ್ಟು, “ನಿನ್ ಕೈ ಚೆನ್ನಾಗಿದೆ. ಕಿವಿ ಇನ್ನೂ ಬೆಳೀಬೇಕು,” ಎಂದರು. ನನ್ನ ಸಂಗೀತ ಶಿಕ್ಷಣ ಎಂಬುದೇನಾದರೂ ಇದ್ದರೆ ಅದು ಇಷ್ಟೇ. ಉಳಿದದ್ದೆಲ್ಲ ಬರಿಯ ಅಭ್ಯಾಸ.

ಅವರ ಗಾಯನದ ಗುಟ್ಟನ್ನು ಹೇಳುತ್ತೇನೆ, ಚರಿತ್ರೆಕಾರರು ಕಿವಿಗೊಟ್ಟು ಕೇಳಲಿ. ಅವರು ಹಾಡುವಾಗ ಕಣ್ಣು ಮುಚ್ಚುತ್ತಿರಲಿಲ್ಲ, ಮೇಲೆ ನೋಡುತ್ತಿರಲಿಲ್ಲ; ಕುಣಿಯುವವರ ಬೂಟುಗಳನ್ನು ನೋಡುತ್ತಿದ್ದರು. ಮೆಕ್ಕೆಜೋಳದ ಹಿಟ್ಟು ಎರಚಿ ನುಣುಪು ಮಾಡಿದ ಆ ನೆಲದ ಮೇಲೆ ಯಾರ ಹೆಜ್ಜೆ ತಡವರಿಸುತ್ತಿದೆ, ಯಾರಿಗೆ ಉಸಿರು ಸಾಲದು ಎಂದು ನೋಡಿ, ಅದಕ್ಕೆ ತಕ್ಕ ಗತಿಯನ್ನು ಹಿಮ್ಮಡಿಯಿಂದ ಮೂರು ಸಲ ತಟ್ಟಿ ನಮಗೆ ಕೊಡುತ್ತಿದ್ದರು. ಅದರಲ್ಲೂ ಒಂದು ಜೋಡಿಯ ಮೇಲೆ ಅವರಿಗೆ ವಿಶೇಷ ಕಣ್ಣು. ಆಲ್ಫೋನ್ಸ್ ಮಾಖಲಾ, ಆತನ ಹೆಂಡತಿ ಲಿಡ್ಮಿಲಾ. ಹತ್ತಿಯ ಗಾಡಿಯ ಮೇಲಿಂದ ಬಿದ್ದ ಆಲ್ಫೋನ್ಸನ ಬಲ ಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ. ಆದರೂ ಒಂದು-ಎರಡು-ಮೂರು ಎಂದು ಸುತ್ತುವ ವಾಲ್ಟ್ಸ್ ಹಾಡು ಬಂತೆಂದರೆ ಮನುಷ್ಯ ಕೂತಲ್ಲಿ ಕೂರುತ್ತಿರಲಿಲ್ಲ. ಆ ಮಂಡಿ ಒಂದು ಸುತ್ತು ತಿರುಗಲು ಎಷ್ಟು ಹೊತ್ತು ಬೇಕೋ ಅಷ್ಟು ವಿಳಂಬದಲ್ಲಿ ಹಾಡು ನಡೆಯಬೇಕು. ‘ನಿನ್ನ ಹ್ಯಾಟು ಮೊಳೆಯಲ್ಲೇ ಇದೆ’ ಎಂಬ ಅವರ ಸ್ವಂತ ರಚನೆ ಹುಟ್ಟಿದ್ದೇ ಆ ಗತಿಯಲ್ಲಿ. ಮನೆ ಬಿಟ್ಟುಹೋದ ಗಂಡನ ಹ್ಯಾಟನ್ನು ವಾರಕ್ಕೊಮ್ಮೆ ಧೂಳು ಝಾಡಿಸಿ ಮತ್ತೆ ಅದೇ ಮೊಳೆಗೆ ತೂಗುಹಾಕುವ ಹೆಂಗಸಿನ ಹಾಡು ಅದು. ಅಬ್ಬಾ, ಆ ಹಾಡಿನಲ್ಲಿ ಎರಡು ಮಾತುಗಳ ನಡುವೆ ಅವರು ಬಿಡುತ್ತಿದ್ದ ಜಾಗ! ನಾನು ನುಡಿಸಬೇಕಾದದ್ದು ಅಲ್ಲಿ, ಬಹುಪಾಲು ನುಡಿಸದೇ ಇರಬೇಕಾದದ್ದೂ ಅಲ್ಲೇ.

1986ರ ಮಾರ್ಚಿನಲ್ಲಿ ನ್ಯಾಶ್‌ವಿಲ್ಲಿನ ಒಂದು ರೆಕಾರ್ಡು ಕಂಪನಿಯಿಂದ ಕರೆ ಬಂತು. ಹತ್ತು ಹಾಡುಗಳ ಒಂದು ದೊಡ್ಡ ರೆಕಾರ್ಡು, ಅದಕ್ಕೆ ಮುಂಚೆ ರೇಡಿಯೋಕ್ಕೆಂದು ‘ಹ್ಯಾಟು’ ಹಾಡಿನ ಚಿಕ್ಕ ರೆಕಾರ್ಡು. ಊರಿನ ಸಂಭ್ರಮ ಏನು ಹೇಳಲಿ! ಸ್ವಯಂಸೇವಕ ಅಗ್ನಿಶಾಮಕ ದಳದವರು ಕೆಂಪು ಲಾರಿಯ ಗಂಟೆ ಬಾರಿಸುತ್ತ ನಮ್ಮ ಹಳೆಯ ವ್ಯಾನನ್ನು ಹೆದ್ದಾರಿಯವರೆಗೆ ಬಿಟ್ಟು ಬಂದರು. ಆಲ್ಫೋನ್ಸ್ ಕಿಟಕಿಗೆ ಬಾಯಿಟ್ಟು, “ಬರೋವಾಗ ನಮ್ಮ ವಾಲ್ಟ್ಸನ್ನ ಅಲ್ಲೇ ಬಿಟ್ಟು ಬರ್ಬೇಡಿ ಮತ್ತೆ!” ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಊರಿನ ಕಥೆ ಏನೆಂದರೆ, ಕಂಪನಿಯ ನಿರ್ಮಾಪಕ ಹಾಡನ್ನು ಓಡಿಸಿದ, ಪಾಪ ವೈನೆಲ್ ಬಗ್ಗಿದರು ಎಂದು. ನಡೆದದ್ದು ಅದಲ್ಲ. ಹಾಡು ರೇಡಿಯೋಕ್ಕೆ ಉದ್ದವಾಯಿತು, ಬೇಗ ಹಾಡಿ ಎಂದು ಆತ ಕೇಳಿದ್ದು ನಿಜ. ಇವರು ಆಗುವುದಿಲ್ಲ ಎಂದರು. ಎರಡನೆಯ ಸಲ ಕೇಳಿದಾಗಲೂ ಆಗುವುದಿಲ್ಲ ಎಂದರು. ಆತ ಕೈಚೆಲ್ಲಿ, ಹಾಗಾದರೆ ಕಾಫಿ ಕುಡಿದು ಬನ್ನಿ, ನಿಮ್ಮ ಗತಿಯಲ್ಲೇ ಒಮ್ಮೆ ನೋಡೋಣ ಎಂದನು. ಕೇಳಿದಿರಾ? ಆತ ಒಪ್ಪಿದ್ದನು! ನನಗೆ ಮಾತ್ರ ಅದು ಬೇಡವಾಗಿತ್ತು. ಹಾಡು ಉದ್ದವಾಗಿ ರೇಡಿಯೋದಲ್ಲಿ ಬರದಿದ್ದರೆ ನನ್ನ ಸ್ಟೀಲ್ ಗಿಟಾರನ್ನು ದೇಶ ಕೇಳುವುದು ಯಾವಾಗ? ಕಾಫಿ ಯಂತ್ರದ ಬಳಿ ಅವರನ್ನು ನಿಲ್ಲಿಸಿ, ಮದುವೆಯಾದವರನ್ನೂ ಗೌರವದಿಂದ ‘ಮಿಸ್’ ಎನ್ನುವ ನಮ್ಮ ಕಡೆಯ ರೂಢಿಯಂತೆ ಮಾತು ಶುರುಮಾಡಿದೆ.

“ಮಿಸ್ ವೈನೆಲ್, ಒಂದ್ ಚೂರು ಬೇಗ ಹಾಡಿದ್ರೆ ಏನೂ ಆಗಲ್ಲ. ಆಲ್ಫೋನ್ಸೇ ಅಂದ, ಆ ಹಾಡು ಇನ್ನೊಂಚೂರು ಬೇಗ ಇದ್ರೆ ಕುಣಿಯೋಕೆ ಚೆನ್ನ ಅಂತ.”

“ಆಲ್ಫೋನ್ಸ್ ಹಾಗಂದ್ನಾ?”

“ದೇವ್ರಾಣೆ ಮೇಡಂ.”

ಆಲ್ಫೋನ್ಸ್ ಹಾಗೆ ಅಂದಿರಲಿಲ್ಲ. ಅವರು ಕಾಫಿಯ ಲೋಟವನ್ನು ಅಲ್ಲೇ ಇಟ್ಟು, ಒಳಗೆ ಹೋಗಿ, ಹಿಮ್ಮಡಿಯಿಂದ ಹೊಸ ಗತಿಯನ್ನು ತಟ್ಟಿದರು. ಕಂಪನಿಯ ಮಾತಿಗೆ ಬಗ್ಗದವರು ಆಲ್ಫೋನ್ಸನ ಹೆಸರಿಗೆ ಬಗ್ಗಿದರು.

ರೆಕಾರ್ಡು ಹೊರಬಿದ್ದು ದೇಶದ ಪಟ್ಟಿಯಲ್ಲಿ ಮೂವತ್ನಾಲ್ಕನೆಯ ಸ್ಥಾನಕ್ಕೆ ಏರಿತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ! ಜೂನ್ ತಿಂಗಳಲ್ಲಿ ಚರ್ಚಿನ ಭಾನುವಾರದ ಊಟದ ನಂತರ ಹಾಲಿನಲ್ಲಿ ನಮ್ಮ ಕಾರ್ಯಕ್ರಮ. ರೇಡಿಯೋದಲ್ಲಿ ಬಂದ ಹಾಗೆಯೇ ಹಾಡಬೇಕೆಂದು ಜನ ಬೊಬ್ಬೆ ಹಾಕಿದರು. ನಾವೂ ಹಾಗೆಯೇ ಎತ್ತಿಕೊಂಡೆವು. ಎಂದಿನಂತೆ ಮೊದಲು ಎದ್ದ ಜೋಡಿ ಆಲ್ಫೋನ್ಸ್, ಲಿಡ್ಮಿಲಾ. ಅರ್ಧ ಸುತ್ತು ಬಂದರು. ಹಾಡು ಮುಂದೆ ಹೋಯಿತು, ಮಂಡಿ ಹಿಂದೆ ಉಳಿಯಿತು. ಇನ್ನೊಮ್ಮೆ ಹಿಡಿಯಲು ನೋಡಿದರು, ಆಗಲಿಲ್ಲ. ನೆಲದ ನಟ್ಟನಡುವೆ ನಿಂತುಬಿಟ್ಟರು. ಸೋಲನ್ನು ನಗೆಯಲ್ಲಿ ಮುಚ್ಚುವ ಮನುಷ್ಯ ಆಲ್ಫೋನ್ಸ್. ಬೆವರು ಒರೆಸಿಕೊಂಡು ವೇದಿಕೆಯ ಕಡೆ ತಿರುಗಿ ಕೂಗಿದನು.

“ಏನಮ್ಮಾ ವೈನೆಲ್, ನಮ್ಮ ಹಿಂದೆ ಯಾರಾದ್ರೂ ನಾಯಿ ಬಿಟ್ಟಿದಾರಾ?”

ಎಲ್ಲರೂ ನಕ್ಕರು. ವೈನೆಲ್ ಅವರು ಮಾತ್ರ ಹಾಡನ್ನು ಅಲ್ಲೇ ನಿಲ್ಲಿಸಿದರು. ನಿಲ್ಲಿಸಿ, ತಿರುಗಿ, ನನ್ನನ್ನು ಒಂದು ಸಲ ನೋಡಿದರು. ಬೇಗ ಬೇಕೆಂದವನು ಆಲ್ಫೋನ್ಸ್ ಆಗಿರಲಿಲ್ಲ ಎಂದು ಅವರಿಗೆ ಆ ಕ್ಷಣಕ್ಕೆ ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು. ನೆಲ ಬಾಯಿ ಬಿಡಬಾರದೇ ಎನಿಸಿತು. ಅವರು ಮೈಕಿನ ಕಡೆ ತಿರುಗಿದರು.

“ನಾಯಿ ಬಿಟ್ಟೋಳು ನಾನೇ ಆಲ್ಫೋನ್ಸ್. ತಪ್ಪು ನಂದು. ಕೂತ್ಕೋಬೇಡ, ಮೊದಲಿಂದ ಹಾಡ್ತೀನಿ.”

ಹಳೆಯ ಗತಿಯನ್ನು ತಟ್ಟಿದರು, ಹಾಡಿದರು, ಮಾಖಲಾ ದಂಪತಿ ಇಡೀ ಹಾಲನ್ನು ಮೂರು ಸುತ್ತು ಬಂದರು. ನನ್ನ ತಪ್ಪನ್ನು ಊರೆದುರಿಗೆ ಹೀಗೆ ಹೊಟ್ಟೆಗೆ ಹಾಕಿಕೊಂಡವರು ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ನನ್ನನ್ನು ಒಂದು ಮಾತು ಕೇಳಿಲ್ಲ.

ಮರುದಿನ ಕಂಪನಿಗೆ ಫೋನು ಮಾಡಿ, ಉಳಿದ ಹಾಡುಗಳನ್ನು ನಮ್ಮ ಹಾಲಿನ ಗತಿಯಲ್ಲಿ ಹಾಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು. ಬೇಗದ ಹಾಡಿನ ರುಚಿ ಹತ್ತಿದ್ದ ಕಂಪನಿಯವರು ಈ ಸಲ ಇಲ್ಲ ಎಂದರು. ದೊಡ್ಡ ರೆಕಾರ್ಡು ಅಲ್ಲಿಗೆ ಮುಗಿಯಿತು. ಆಗ ನಾನು ಪಶ್ಚಾತ್ತಾಪಪಟ್ಟೆನೆಂದು ನೀವು ಭಾವಿಸಿದರೆ ಅದು ನಿಮ್ಮ ಒಳ್ಳೆಯತನ. ನಾನು ಸಿಟ್ಟಾದೆ! ತಪ್ಪು ಮಾಡಿದವನಿಗೆ ಬರುವಂಥ ಸಿಟ್ಟು ಬೇರಾರಿಗೂ ಬಾರದು. ಮುದುಕನೊಬ್ಬನ ಮಂಡಿಗಾಗಿ ನಮ್ಮೆಲ್ಲರ ಬಾಳನ್ನು ಬಲಿಕೊಟ್ಟಿರಿ ಎಂದು ಅವರ ಅಡುಗೆಮನೆಯಲ್ಲಿ ನಿಂತು ಕೂಗಾಡಿ, ದೊಡ್ಡ ತಂಡವೊಂದನ್ನು ಸೇರಿಕೊಂಡು ಊರು ಬಿಟ್ಟೆ. ಅವರು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ, “ಹೋಗಿ ಬಾ. ನಿನ್ನ ಸ್ಟೂಲು ಯಾರಿಗೂ ಕೊಡಲ್ಲ,” ಎಂದಷ್ಟೇ ಅಂದರು.

ಕೊಡಲೂ ಇಲ್ಲ. ಆರು ವರ್ಷ ನಾನು ದೇಶ ಸುತ್ತಿ, ಸಾವಿರಾರು ಜನರ ಎದುರು ನುಡಿಸಿ, ಒಬ್ಬರ ಬೂಟನ್ನೂ ನೋಡದೆ, ದಣಿದು 1992ರಲ್ಲಿ ವ್ರಾನಾಕ್ಕೆ ಮರಳಿದಾಗ, ವೇದಿಕೆಯ ಎಡಮೂಲೆಯಲ್ಲಿ ನನ್ನ ಸ್ಟೂಲು ಇದ್ದಲ್ಲೇ ಇತ್ತು. ಅದರ ಮೇಲೆ ಅವರ ನೀರಿನ ಜಗ್ಗು. ಆರು ವರ್ಷ ಸ್ಟೀಲ್ ಗಿಟಾರೇ ಇಲ್ಲದೆ ಹಾಡಿದ್ದರು, ಈ ಮಹಾತಾಯಿ! ನಾನು ಬಾಗಿಲಲ್ಲಿ ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದೆ.

“ಜಗ್ಗು ಕೆಳಗಿಟ್ಟು ಕೂತ್ಕೋ,” ಎಂದರು. “ನೀರು ಚೆಲ್ಬೇಡ.”

ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹಿಮ್ಮಡಿ ಮೂರು ಸಲ ತಟ್ಟಿಯಾಗಿತ್ತು. ಆಮೇಲೆ ಕೇಳೋಣ ಎಂದುಕೊಂಡು ಮೂವತ್ಮೂರು ವರ್ಷ ಕಳೆದೆ. ಆ ನಡುವೆ ಆಲ್ಫೋನ್ಸ್ ತೀರಿಕೊಂಡನು. ಆತನಿಗೂ ಹೇಳಲಿಲ್ಲ.

ಈ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಅವರ ಕೊನೆಯ ಕಾರ್ಯಕ್ರಮ. ಆಹಾ, ಆ ದಿನದ ಹಾಲು! ಬೆಂಚುಗಳ ಕೆಳಗೆ ರಜಾಯಿಗಳ ಮೇಲೆ ಮಲಗಿಸಿದ್ದ ಕೂಸುಗಳ ಅಜ್ಜಿಯರೂ ಒಂದು ಕಾಲಕ್ಕೆ ಅದೇ ಬೆಂಚುಗಳ ಕೆಳಗೆ ಮಲಗಿದ್ದವರು. ಹೊರಗೆ ಹೊಗೆಯಲ್ಲಿ ಮಾಂಸ ಬೇಯುವ ಪರಿಮಳ, ಒಳಗೆ ಕಾಲಿಡಲು ಜಾಗವಿಲ್ಲ. ಕೊನೆಯ ಹಾಡು ‘ಹ್ಯಾಟು’ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ತಂತಿಗಳ ಮೇಲೆ ಕೈಯಿಟ್ಟು ಕಾದಿದ್ದೆ. ಅವರು ಹೆಗಲಿನ ಕೈವಸ್ತ್ರ ತೆಗೆದರು. ತಂದು ನನ್ನ ತಂತಿಗಳ ಮೇಲೆ ಹೊದಿಸಿದರು.

“ನಲವತ್ತಾರು ವರ್ಷದಿಂದ ಈ ಹಾಲಲ್ಲಿದೀಯ, ಒಂದ್ ದಿನಾನೂ ಕುಣಿದಿಲ್ಲ. ಇಳಿ ಕೆಳಗೆ. ಲಿಡ್ಮಿಲಾ ಕಾಯ್ತಿದಾಳೆ.”

ತೊಂಬತ್ತೊಂದರ ಲಿಡ್ಮಿಲಾ ಮಾಖಲಾ ನೀಲಿ ಉಡುಪಿನಲ್ಲಿ ನೆಲದ ನಡುವೆ ಕೈಚಾಚಿ ನಿಂತಿದ್ದರು. ನನಗೆ ಕಳೆದ ಚಳಿಗಾಲದಲ್ಲಷ್ಟೇ ಬಲ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ಆದರೂ ಇಳಿದೆ. ಹಾಡು ಶುರುವಾಯಿತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನ್ನಿಂದ ತಡೆಯಲಾಗಲಿಲ್ಲ. ಕಾಫಿ ಯಂತ್ರದ ಬಳಿ ಆಲ್ಫೋನ್ಸನ ಹೆಸರಿನಲ್ಲಿ ಹೇಳಿದ ಸುಳ್ಳನ್ನು ಆತನ ಹೆಂಡತಿಯ ಕಿವಿಯಲ್ಲಿ ಗಡಗಡನೆ ಹೇಳಿಬಿಟ್ಟೆ. ಆ ದಿನ ನಾಯಿ ಬಿಟ್ಟವನು ನಾನು ಎಂದೆ.

“ಮಾತು ಆಮೇಲೆ ಆಡು, ಕಾಲ್ ನೋಡ್ಕೋ,” ಎಂದರು ಲಿಡ್ಮಿಲಾ.

ಅಷ್ಟರಲ್ಲಿ ಹಾಡಿನ ಗತಿ ಕೂದಲೆಳೆಯಷ್ಟು ಇಳಿಯಿತು. ಈ ವಯಸ್ಸಿನಲ್ಲಿ ಲಿಡ್ಮಿಲಾ ಅವರಿಗೆ ಕಷ್ಟವಾಗುತ್ತಿದೆ, ಅದಕ್ಕೇ ವೈನೆಲ್ ನಿಧಾನ ಮಾಡಿದರು ಎಂದುಕೊಂಡು, “ಸುಸ್ತಾಯ್ತಾ ಅಮ್ಮಾ?” ಎಂದು ಕೇಳಿದೆ.

“ನಂಗ್ಯಾಕೆ ಸುಸ್ತು? ನಾನ್ ಇನ್ನೂ ಹತ್ತು ಸುತ್ತು ಬರ್ತೀನಿ. ಅವಳು ನಿಧಾನ ಮಾಡಿದ್ದು ನನಗಲ್ಲ ಕಣೋ, ನಿನಗೆ!”

ತಲೆಯೆತ್ತಿ ನೋಡಿದೆ. ವೇದಿಕೆಯ ಮೇಲಿಂದ ವೈನೆಲ್ ಕುಬೇನಾ ಅವರು ನನ್ನ ಬೂಟುಗಳನ್ನು ನೋಡುತ್ತ ಹಾಡುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು, ಮರೆಮಾಡಲಿಲ್ಲ. ಆ ನಿಧಾನದಲ್ಲಿ ನನ್ನ ಮಂಡಿ ಕೂಡ ತಿರುಗಿತು, ಮಾನ್ಯರೇ! ಇಡೀ ಹಾಲು ತಿರುಗಿತು.

ಬರುವ ಅಕ್ಟೋಬರಿನಲ್ಲಿ, ಸಮಿತಿಯ ಒತ್ತಾಯಕ್ಕೆ ಮಣಿದು, ಆ ಹತ್ತು ಹಾಡುಗಳನ್ನು ಅವರು ನಮ್ಮ ಹಾಲಿನಲ್ಲೇ, ಕುಣಿಯುವವರನ್ನು ಎದುರಿಗಿಟ್ಟುಕೊಂಡು, ಹಾಡಿ ರೆಕಾರ್ಡು ಮಾಡಲು ಒಪ್ಪಿದ್ದಾರೆ. ಜೋಳದ ಹಿಟ್ಟಿನ ಮೇಲೆ ಬೂಟು ಜಾರುವ ಸರಸರ ಸದ್ದೂ ಅದರಲ್ಲಿ ಇರಲಿದೆ. ಚರಿತ್ರೆಕಾರರೇ, ನಿಮ್ಮ ಸಾಲುಗಳಲ್ಲಿ ಜಾಗ ಖಾಲಿ ಮಾಡಿಟ್ಟುಕೊಳ್ಳಿ!

ಶ್ರೀಮತಿ ವೈನೆಲ್ ಕುಬೇನಾ ಅವರಿಗೆ ದೇವರು ನೂರು ತುಂಬುವ ಆಯುಸ್ಸನ್ನೂ, ತುಂಬಿದ ಮೇಲೂ ಕುಣಿಸುವ ಕಂಠವನ್ನೂ ಕೊಡಲಿ. ಮೂವತ್ತೊಂಬತ್ತು ವರ್ಷ ತಡವಾಗಿ, ಊರಿನವರೆಲ್ಲ ಓದುವಂತೆ, ಅವರ ಕ್ಷಮೆ ಕೇಳುತ್ತಿದ್ದೇನೆ. ನನ್ನ ಸ್ಟೂಲಿನ ಮೇಲಿಂದ ಜಗ್ಗು ಇಳಿಸಿ ಅಕ್ಟೋಬರಿಗೆ ಕಾದು ಕುಳಿತಿರುತ್ತೇನೆ. ಮಿಸ್ ವೈನೆಲ್, ಹಾಡು ಎಷ್ಟು ಬೇಗ ಇರಲಿ ಎಂದು ನನ್ನನ್ನು ಮಾತ್ರ ಕೇಳಬೇಡಿ.