ಎರಡು ಬಗೆದ ಉಪ್ಪು

ನಂಜಣ್ಣನ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಚಾರ್ಜಿಗಿಟ್ಟ ಲಾರಿ ಬ್ಯಾಟರಿಯ ಮುಚ್ಚಳ ತೆಗೆದು, ಒಳಗೆ ಹೇಗೆ ಗುಳ್ಳೆ ಏಳುತ್ತಿದೆ ನೋಡೋಣವೆಂದು ಬೀಡಿ ಕಚ್ಚಿಕೊಂಡೇ ಬಗ್ಗಿದ್ದರಂತೆ. ಢಮ್ ಎಂದಿತು. ಹುಬ್ಬು ಹೋಯಿತು, ಕಣ್ಣು ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಬ್ಯಾಟರಿ ಬಿಡುತ್ತಿದ್ದರು, ಇಲ್ಲವೇ ಬೀಡಿ ಬಿಡುತ್ತಿದ್ದರು. ಇವರು ಎರಡನ್ನೂ ಬಿಡಲಿಲ್ಲ. "ನೀರೊಳ್ಗೆ ಒಬ್ಳು ಅವ್ಳೆ ಅಮ್ಮಾರೇ, ಮಾ ಕೋಪದೋಳು. ಅವ್ಳನ್ನ ಪುಸಲಾಯಿಸಿ ಮನೇಗ್ ಕರ್ಕಬಂದು ಒಲೆ ಅಚ್ಚುಸ್ಬೇಕು" ಎಂದು ನನಗೆ ಹೇಳಿದಾಗ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಅದು ತೊಂಬತ್ತರ ದಶಕ. ನಮ್ಮ ಯಜಮಾನರಿಗೆ ನಾಲೆ ಆಫೀಸಿನಲ್ಲಿ ಕೆಲಸ. ಪಾಂಡವಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ್ದೇ ನಂಜಣ್ಣನ ಮನೆ. ಮುಂದಿನ ಶೀಟಿನ ಚಪ್ಪರದಡಿ ಬ್ಯಾಟರಿ ಅಂಗಡಿ, ಹಿಂದೆ ಅವರ ಅಕ್ಕ ಕೆಂಪಮ್ಮನವರ ಅಡುಗೆಮನೆ. ಕಾನ್ವೆಂಟಿನಲ್ಲಿ ಕಲಿತು, 'ಪ್ಲೀಸ್' ಅನ್ನದೆ ಒಂದು ಲೋಟ ನೀರೂ ಕೇಳದೆ ಬೆಳೆದ ನನಗೆ ಆ ಮನೆಯ ಮಾತು ಮೊದಮೊದಲು ಜಗಳದ ಹಾಗೇ ಕೇಳಿಸುತ್ತಿತ್ತು. "ಲೇ ನಂಜ, ಉಣ್ಣಕ್ ಬತ್ತೀಯೋ ನಾಯಿಗಾಕ್ಲೋ?" ಎಂದು ಅಕ್ಕ ಕೂಗಿದರೆ, "ನಾಯಿ ಏನ್ ಪಾಪ ಮಾಡಿತ್ತಕ್ಕೋ" ಎಂದು ತಮ್ಮ. ಅದು ಅವರ ಟೇಬಲ್ ಮ್ಯಾನರ್ಸು ಅಂತ ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಕೆಂಪಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ಕಬ್ಬಿನ ತರಗು, ತೆಂಗಿನ ಮಟ್ಟೆ ಉರಿಸಿ ಉರಿಸಿ ಅವರ ಎದೆ ಹೊಗೆಗೂಡಾಗಿತ್ತು. ಕೆಮ್ಮು ಹತ್ತಿದರೆ ಗೋಡೆ ಹಿಡಿದು ನಿಂತುಬಿಡುತ್ತಿದ್ದರು. ಇನ್ನು ಒಲೆ ಮುಂದೆ ಕೂತರೆ ಈ ಜೀವ ಬಹಳ ದಿನ ತಡೆಯೋದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಅದು. ಕಾಯುವ ಜಾಯಮಾನ ನಂಜಣ್ಣನದಲ್ಲ. ಬ್ಯಾಟರಿಯೊಳಗಿನ ಆ ಕೋಪದವಳು, ನೀರಿಗೆ ಕರೆಂಟು ಕೊಟ್ಟರೆ ಗುಳ್ಳೆಯಾಗಿ ಏಳುವ ಉರಿಯುವ ಗ್ಯಾಸು, ನೆನಪಾದಳು.

ಚಪ್ಪರದಡಿ ಗಾಜಿನ ಉಪ್ಪಿನಕಾಯಿ ಜಾಡಿಗಳು ಸಾಲಾಗಿ ನಿಂತವು. ಪ್ರತಿ ಜಾಡಿಯ ನೀರಿನಲ್ಲಿ ಹಳೇ ಸ್ಟೀಲ್ ತಟ್ಟೆ ಕತ್ತರಿಸಿದ ಎರಡು ತುಂಡು, ಒಂದೊಂದು ತುಂಡಿನ ಮೇಲೂ ಬೋರಲು ಹಾಕಿದ, ಆಸ್ಪತ್ರೆಯಿಂದ ತಂದ ಗ್ಲೂಕೋಸ್ ಬಾಟಲಿ. ರೋಗಿಯ ಕೈಗೆ ಚುಚ್ಚುವ ಆ ಟ್ಯೂಬೇ ಗ್ಯಾಸಿನ ಪೈಪು. ಕರೆಂಟು ಕೊಟ್ಟರೆ ತಟ್ಟೆಗಳ ಮೈಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ನಾನು ಅಂಥದ್ದನ್ನು ಸ್ಕೂಲಿನ ಲ್ಯಾಬಿನಲ್ಲಿ ನೋಡಿದ್ದೆ, ಆದರೆ ಅಲ್ಲಿ ಅದು ಪರೀಕ್ಷೆಗಾಗಿ. ಇಲ್ಲಿ ಒಬ್ಬ ಹೆಂಗಸಿನ ಉಸಿರಿಗಾಗಿ.

ಆದರೆ ಗ್ಯಾಸಿಗಿಂತ ಮೊದಲು ಬಂದದ್ದು ಘಾಟು. ಜಾಡಿಯ ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗುತ್ತಿತ್ತು, ಒಂದು ಕಡೆಯ ತಟ್ಟೆ ಇಲಿ ತಿಂದ ರೊಟ್ಟಿಯಂತೆ ಸವೆಯುತ್ತಿತ್ತು. ಆ ಘಾಟಿಗೆ ಕೆಂಪಕ್ಕ ಒಂದು ದಿನ ಉಸಿರು ಸಿಗದೆ ಅಂಗಳದಲ್ಲೇ ಕುಸಿದರು. ನೀರು ಕುಡಿಸಿ ಎಬ್ಬಿಸಿದ ಮೇಲೆ, "ಒಲೆ ನನ್ನ ನಿಧಾನಕ್ ಕೊಲ್ತಿತ್ತು ಕಣ್ಲಾ. ನಿಂದು ಬಿರ್‌ಬಿರ್ನೆ ಮಾಡ್ತದೆ" ಅಂದರು. ನಂಜಣ್ಣ ಆ ದಿನ ಊಟ ಮಾಡಲಿಲ್ಲ.

ಬ್ಲೀಚಿಂಗ್ ಪೌಡರಿನ ವಾಸನೆ ಅದು, ನಮಗೆಲ್ಲ ಗೊತ್ತಿತ್ತು. "ನಲ್ಲಿ ನೀರ್ಗೆ ಬ್ಲೀಚಿಂಗ್ ಆಕ್ತಾರಲ್ಲ, ಅದೇ" ಎಂದು ನಂಜಣ್ಣ ತೀರ್ಮಾನಿಸಿದರು. ಶುರುವಾಯಿತು ನೀರಿನ ಯಾತ್ರೆ. ಬೋರ್‌ವೆಲ್ ನೀರು, ನಾಲೆ ನೀರು, ತೊಣ್ಣೂರು ಕೆರೆಯ ಕನ್ನಡಿಯಂಥ ನೀರು. ಎಮ್ಮೆ ಕೊಳ್ಳಲು ಹೇಮಗಿರಿ ಜಾತ್ರೆಗೆ ಹೋದವರು ಎಮ್ಮೆ ಬಿಟ್ಟು ಕ್ಯಾನಿನಲ್ಲಿ ಹೇಮಾವತಿಯನ್ನು ತುಂಬಿಕೊಂಡು ಬಂದರು. ಎಲ್ಲ ನೀರಿಗೂ ಅದೇ ಘಾಟು.

ಎಲ್ಲ ನೀರಿಗೂ ಅವರು ಒಂದೊಂದು ಹಿಡಿ ಉಪ್ಪು ಹಾಕುತ್ತಿದ್ದರು. ಬರೀ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ಅರ್ಥಿಂಗ್ ಗುಂಡಿ ತೋಡಿದರೆ ಇದ್ದಿಲು, ಉಪ್ಪು ಸುರಿದೇ ಮುಚ್ಚುವುದು. ಅಂಥ ಗುಂಡಿಗಳನ್ನು ಎಷ್ಟೋ ತೋಡಿಸಿದ ಕೈ ಅದು. ಉಪ್ಪಿನ ಮೇಲೆ ನಿಮಗೆ ಅನುಮಾನ ಬರಲಿಲ್ಲವೇ ಎಂದರೆ, "ಉಪ್ಪ್ ಯಾವತ್ತಾದ್ರೂ ದ್ರೋಹ ಮಾಡದಾ ಅಮ್ಮಾರೇ?" ಎಂದು ನನ್ನನ್ನೇ ಕೇಳಿದರು.

ಕೊನೆಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯನ್ನೇ ತಂದರು. ಹೊಳೆ ನೀರು ಮನೆಗೆ ಬಂದರೆ ಕೆಂಪಕ್ಕ ಸುಮ್ಮನಿರುತ್ತಾರೆಯೇ? ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಂದು, "ಗಂಗವ್ವ, ನೀನಾರ ಅವುನ್ಗೆ ಬುದ್ಧಿ ಯೋಳು" ಎಂದು ಉಪ್ಪು ಬೆರೆತ ಆ ಜಾಡಿಗೇ ಚಿಟಿಕೆ ಅರಿಶಿನ ಹಾಕಿ ಕೈಮುಗಿದರು. ನಂಜಣ್ಣ ಗೊಣಗಿಕೊಂಡೇ ಸ್ವಿಚ್ಚು ಹಾಕಿದರು.

ನಾವು ಮೂವರೂ ನೋಡುತ್ತಲೇ ನಿಂತೆವು. ಒಂದು ಬಾಟಲಿಯ ಕೆಳಗೆ ಹಳದಿ ನೀರು ಮೆಲ್ಲಗೆ ಕೆಂಪಾಯಿತು, ಆರತಿ ತಟ್ಟೆಯ ಓಕುಳಿಯಂಥ ಕೆಂಪು. ಇನ್ನೊಂದು ಬಾಟಲಿಯ ಕೆಳಗೆ ಹಳದಿಯೇ ಅಳಿಸಿ ಬೆಳ್ಳಗಾಯಿತು. ನಮ್ಮ ಕಾನ್ವೆಂಟಿನ ಸಿಸ್ಟರ್ ಲಿಟ್ಮಸ್ ಕಾಗದ ಅದ್ದಿ ತೋರಿಸಿದ್ದರು. ಅದಕ್ಕೆ ಈ ಚೆಲುವಿರಲಿಲ್ಲ.

"ಈ ಕಡೀಕ್ ಸುಣ್ಣ ಯಾರಾಕುದ್ರು?" ಎಂದರು ಕೆಂಪಕ್ಕ. ಓಕುಳಿ ಕಲಸುವವರಿಗೆ ಗೊತ್ತು, ಅರಿಶಿನ ಕೆಂಪಾಗಲು ಸುಣ್ಣ ಬೇಕು. "ಆ ಕಡೀಕ್ ಬ್ಲೀಚಿಂಗ್ ಯಾರಾಕುದ್ರು? ಸೀರೆ ಮ್ಯಾಗಿನ ಅರಿಸ್ನ ಇಂಗೇ ಓಗಾದು."

ಯಾರೂ ಏನೂ ಹಾಕಿರಲಿಲ್ಲ. ಆಗ ಕ್ಲಾಸಿನಲ್ಲಿ ಗಿಳಿಪಾಠ ಮಾಡಿದ್ದ 'ಸೋಡಿಯಂ ಕ್ಲೋರೈಡ್' ಎಷ್ಟೋ ವರ್ಷಗಳ ಆಚೆಯಿಂದ ನನ್ನ ಬಾಯಿಗೆ ಬಂತು. "ನಂಜಣ್ಣ, ಬ್ಲೀಚಿಂಗ್ ಪೌಡರಿನ ಕ್ಲೋರಿನ್ನೇ ಉಪ್ಪಿನಲ್ಲೂ ಇರೋದು. ಕರೆಂಟು ನೀರಿನ ಜೊತೆಗೆ ಉಪ್ಪನ್ನೂ ಸೀಳ್ತಾ ಇದೆ" ಅಂದೆ.

ಅವರು ಸ್ವಿಚ್ಚು ಆರಿಸಿ ಜಾಡಿಯನ್ನೇ ನೋಡುತ್ತಾ ಕುಕ್ಕರಗಾಲಲ್ಲಿ ಕೂತರು. ಕೆಂಪಕ್ಕ ಬಿಡಲಿಲ್ಲ: "ಉಪ್ಪು ತಿಂದೋರು ಎರಡು ಬಗೀಬಾರ್ದು ಅಂತಾರೆ. ಇಲ್ನೋಡ್ಲಾ, ಉಪ್ಪೇ ಎರಡು ಬಗ್ದುಬುಡ್ತು."

ನಂಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಉಪ್ಪಿನ ಡಬ್ಬಿಯನ್ನು ಅಡುಗೆಮನೆಗೆ ವಾಪಸು ಕೊಟ್ಟು, ಕ್ಲೋರಿನ್ ಇಲ್ಲದ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ ತಂದರು. ಘಾಟು ನಿಂತಿತು, ತಟ್ಟೆ ಸವೆಯುವುದು ನಿಂತಿತು. ಬರುವ ಗ್ಯಾಸನ್ನು ಮೊದಲು ಒಂದು ನೀರಿನ ಬಾಟಲಿಯೊಳಗೆ ಗುಳುಗುಳು ಅನ್ನಿಸಿ ಆಮೇಲೆ ಒಲೆಗೆ ಬಿಟ್ಟರು. "ಬೆಂಕಿ ಇಂದಕ್ ಬಂದ್ರೆ ನೀರ್ನಲ್ಲೇ ಸಾಯ್ಲಿ." ಒಲೆಯೆಂದರೆ ಪೆಟ್ರೋಮ್ಯಾಕ್ಸ್ ದೀಪದ ಒಂದು ಹಿತ್ತಾಳೆ ನಳಿಕೆ.

ಕಡ್ಡಿ ಗೀರಿದರು. ಏನೂ ಕಾಣಲಿಲ್ಲ. "ಅತ್ಲಿಲ್ಲ" ಎಂದು ನಾನು ಅವರ ಭಾಷೆಯಲ್ಲೇ ಅಂದೆ. ಅವರು ಒಂದು ಒಣ ಎಲೆಯನ್ನು ನಳಿಕೆಯ ಮೇಲೆ ಹಿಡಿದರು, ಎಲೆ ಹೊತ್ತಿಕೊಂಡಿತು. ಆ ಬಿಸಿಲಲ್ಲಿ, ಬಣ್ಣವಿಲ್ಲದೆ, ಹೊಗೆಯಿಲ್ಲದೆ, ಸದ್ದಿಲ್ಲದೆ ನೀರು ಉರಿಯುತ್ತಿತ್ತು. ಕಾನ್ವೆಂಟಿನ ಚರ್ಚಿನೊಳಗೆ ನಾವು ಹುಡುಗಿಯರು ಹೇಗೆ ಗಪ್‌ಚಿಪ್ ಆಗುತ್ತಿದ್ದೆವೋ ಹಾಗೆ ನಿಂತಿದ್ದೆ ನಾನು.

ತಣ್ಣನೆಯ ಹಾಲಿನ ಲೋಟ ಇಟ್ಟರು. ಸ್ವಲ್ಪ ಹೊತ್ತಿಗೆ ಕೆಂಪಕ್ಕ ಅದನ್ನು ಸೆರಗಿನಲ್ಲಿ ಹಿಡಿದೆತ್ತಿ ತಳ ನೋಡಿದರು. ತಳದಲ್ಲಿ ನೀರಿನ ಹನಿಗಳು. ಉರಿದ ನೀರು ಮತ್ತೆ ನೀರೇ ಆಗಿ ಕೂತಿತ್ತು. ಹುಟ್ಟಿದಾಗಿನಿಂದ ಪಾತ್ರೆಯ ಮಸಿ ಉಜ್ಜಿದ ಹೆಂಗಸು ತಳಕ್ಕೆ ಬೆರಳಾಡಿಸಿ, ಬೆರಳು ನೋಡಿಕೊಂಡು, ಮತ್ತೆ ಆಡಿಸಿದರು. ಬೆರಳಿಗೆ ಮಸಿ ಹತ್ತಿರಲಿಲ್ಲ.

ಹಾಲು ಕಾಯಲು ಬಹಳ ಹೊತ್ತು ಹಿಡಿಯಿತು. ಅಷ್ಟೆಲ್ಲ ಜಾಡಿ, ಅಷ್ಟೆಲ್ಲ ಕರೆಂಟಿಗೆ ಒಂದು ಲೋಟ. ಬ್ಯಾಟರಿ ಒಯ್ಯಲು ಬಂದ ಲಾರಿಯವನು ಕಂಡು, "ಗೌಡ್ರೇ, ಆ ಕರೆಂಟ್ನೇ ಒಂದ್ ಈಟರ್ ಕಾಯಿಲ್‌ಗೆ ಕೊಟ್ಟಿದ್ರೆ ಅಂಡೆ ನೀರೇ ಕಾಯ್ತಿತ್ತು" ಎಂದು ಚುಡಾಯಿಸಿದ. ಕರೆಂಟು ಇರುತ್ತಿದ್ದದ್ದಾದರೂ ಎಷ್ಟು ಹೊತ್ತು? ನಂಜಣ್ಣನಿಗೆ ಲೆಕ್ಕ ಗೊತ್ತಿತ್ತು. ಮುದ್ದೆಯ ಎಸರು ಕಾಯುವಷ್ಟು, ನೀರಿನೊಳಗಿನ ಅವಳು ಎಂದೂ ಬರುವುದಿಲ್ಲ.

ಮಾರನೇ ದಿನ ಅವರು ಅಂಗಡಿ ಬೀಗ ತೆಗೆಯುವ ಮೊದಲು ಪಂಚೆ ಎತ್ತಿಕಟ್ಟಿ ಅಡುಗೆಮನೆಗೆ ಹೋಗಿ, ಅಕ್ಕನನ್ನು ಜಗಲಿಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡರು. "ಒಗೆ ಆಚೀಕ್ ಕಳ್ಸಕ್ ಆಗ್ಲಿಲ್ಲ ಅಮ್ಮಾರೇ. ಅಕ್ಕುನ್ನ ಕಳ್ಸುದ್ರಾಯ್ತು." ಆ ಊರಿನಲ್ಲಿ, ಆ ಕಾಲದಲ್ಲಿ, ಒಬ್ಬ ಗೌಡರು ದಿನಾ ಒಲೆ ಊದುವುದೆಂದರೆ! ಕೇರಿಯೆಲ್ಲ ನಕ್ಕಿತು. ಇವರು ಊದಿದರು. ಅಕ್ಕನ ಬೆಳಗಿನ ಕಾಫಿ ಮಾತ್ರ, ಕರೆಂಟು ಇದ್ದಾಗಲೆಲ್ಲ, ನೀರಿನ ಒಲೆಯದು.

ನಾವು ಮೈಸೂರಿಗೆ ವಾಪಸಾದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ನಂಜಣ್ಣ ಕಣ್ಣೀರು ಸುರಿಸುತ್ತ ಮುದ್ದೆ ತಿರುವುತ್ತಿದ್ದರು. "ಗಂಟಾಯ್ತದೆ, ಒತ್ತಿ ತಿರುವ್ಲಾ" ಎಂದು ಜಗಲಿಯಿಂದ ಆರ್ಡರು. ಊಟಕ್ಕೆ ಕೂರಿಸಿದರು, ಬಸ್ ಹತ್ತಿಸಿದರು. ಮತ್ತೆ ನಾನು ನಂಜಣ್ಣನನ್ನು ಕಾಣಲಿಲ್ಲ.

ಅಕ್ಕನಿಗಿಂತ ಮೊದಲು ಅವರೇ ಹೋದರು, ನಿದ್ದೆಯಲ್ಲಿ. ಸುದ್ದಿ ತಡವಾಗಿ ತಿಳಿದು ಹೋದಾಗ ಕೆಂಪಕ್ಕ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ನಾನು ಅವರ ಕೈ ಹಿಡಿದುಕೊಂಡೆ.

"ಇಷ್ಟ್ ವರ್ಸ ಮಾಡುದ್ನಲ್ಲವ್ವ, ಕೊನೇಗಂಟ ಅವನ್ ಮುದ್ದೇಲಿ ಗಂಟು ಓಗ್ಲೇ ಇಲ್ಲ ನೋಡು" ಅಂದರು. ಒಂದೇ ಉಸಿರಿನಲ್ಲಿ, ಒಂದು ಸಲವೂ ಕೆಮ್ಮದೆ.