ಕಳಚಿ ಇಡುತ್ತಿದ್ದ ಕಂಬ

ಅಂದು ಬೆಳಗ್ಗೆ ಎದ್ದು ಹಾಲು ಕಾಯಿಸಿದೆ, ಶೆಡ್ಡು ಗುಡಿಸಿದೆ, ಕಂಪ್ರೆಸರಿನಲ್ಲಿ ಸೇರಿದ್ದ ನೀರು ಬಿಟ್ಟೆ. ಯಜಮಾನರ ಭುಜಕ್ಕೆ ಎಣ್ಣೆ ತಿಕ್ಕಿದೆ. ಶಾಲೆ ವ್ಯಾನಿನ ಬಂಪರಿಗೆ ಎಮರಿ ಕಾಗದ ತಿಕ್ಕಿದೆ. ರೇಷನ್ ಅಕ್ಕಿ ತಂದು ಆರಿಸಿಟ್ಟೆ. ಒಂದು ಜೀಪಿನ ಬಾಗಿಲಿಗೆ ಪುಟ್ಟಿ ಬಳಿದು, ಕೈ ತೊಳೆದು ಊಟಕ್ಕೆ ಕೂರಬೇಕು ಅನ್ನುವಷ್ಟರಲ್ಲಿ ಪರಮೇಶನ ಕಾರು ಬಂದು ನಿಂತಿತು.

ಮೂರು ವರ್ಷದ ಹಿಂದಿನ ಮಾತಿದು, ಕಾಫಿ ಕೊಯ್ಲು ಮುಗಿದಿದ್ದ ಸಮಯ. ಸಕಲೇಶಪುರದ ಹೊರಗೆ, ಹಾಸನದ ರಸ್ತೆಯಲ್ಲಿ ನಮ್ಮ ಟಿಂಕರಿಂಗ್ ಶೆಡ್ಡು. ಟಿಂಕರಿಂಗ್ ಅಂದರೆ ಎಂಜಿನ್ ಕೆಲಸವಲ್ಲ, ಗುದ್ದಿಸಿಕೊಂಡು ಬಂದ ಗಾಡಿಯ ಮೈ ಸರಿಮಾಡುವುದು. ಮದುವೆಯಾದ ಹೊಸದರಲ್ಲಿ ನಾನು ಶೆಡ್ಡಿಗೆ ಕಾಫಿ ಕೊಡಲು ಮಾತ್ರ ಇಳಿಯುತ್ತಿದ್ದೆ. ಈಗ ತಗಡು ಕೊಯ್ಯುವುದು, ವೆಲ್ಡಿಂಗ್ ಯಜಮಾನರದ್ದು. ಅಳತೆ, ಪುಟ್ಟಿ, ಪೇಂಟ್ ನನ್ನದು. ಘಾಟಿಯ ತಿರುವುಗಳು ನಮ್ಮನ್ನು ಯಾವತ್ತೂ ಸುಮ್ಮನೆ ಕೂರಿಸಿಲ್ಲ. ಅಂದು ಇಬ್ಬರಿಗೂ ಬೇಗ ಬಾಗಿಲು ಹಾಕಿ ಮಲಗಿದರೆ ಸಾಕಾಗಿತ್ತು.

ಪರಮೇಶ ಹೆಗ್ಗದ್ದೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಅವನ ತಾಯಿ ಗಂಗಮ್ಮನಿಗೆ ಕಿಡ್ನಿ ತೊಂದರೆ; ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹಾಸನಕ್ಕೆ ಹೋಗಬೇಕು. ಸಾಲದ್ದಕ್ಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದು, ಆಪರೇಷನ್ ಆದ ಮೇಲೆ ಎಡಗಾಲು ಮಡಚಲು ಬರುತ್ತಿರಲಿಲ್ಲ. ಅಂದು ಹಾಸನದಿಂದ ವಾಪಸು ಬರುತ್ತಾ ಹಿಂದಿನ ಸೀಟಿನ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದ ಬಾಗಿಲಿಗೆ ಒಂದು ಟವಲ್ ಬಿಗಿದು, ಅದರ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಜಯಕ್ಕ, ಬಾಗ್ಲು ಕೂರ್ತಾ ಇಲ್ಲ. ಆಲೂರು ದಾಟ್ತಿದ್ದಂಗೆ ತಿರುವಲ್ಲಿ ತೆಗ್ದೋಗ್ಬುಡ್ತು. ಒಸಿ ಬಡ್ದು ಕೂರ್ಸ್ಕೊಡಿ, ಹೊರಟ್ಬುಡ್ತೀವಿ" ಎಂದ ಪರಮೇಶ.

ಬಾಗಿಲು ನೋಡಲು ಬಗ್ಗಿದವಳು ಹಾಗೇ ನಿಂತೆ. ಎಡಗಡೆಯ ಎರಡು ಬಾಗಿಲ ನಡುವಿನ ಕಂಬವನ್ನು ಕೊಯ್ದು, ಮೇಲೆ ಎರಡು, ಕೆಳಗೆ ಎರಡು ಬೋಲ್ಟು ಹಾಕಿತ್ತು.

"ಇದೇನೋ ಇದು?"

"ಕಳಚೋ ಹಂಗೆ ಮಾಡ್ಸಿದೀನಿ ಕಣಕ್ಕ. ನಮ್ಮ ಕಣದ ಗೇಟ್ ನಡುಗಂಬ ಐತಲ್ಲ, ಲಾರಿ ಬಂದ್ರೆ ಕಿತ್ತಿಟ್ಟು, ಹೋದ್ಮೇಲೆ ನೆಡ್ತೀವಲ್ಲ, ಹಂಗೆ. ಅದೇ ಗೇಟ್ ವೆಲ್ಡಿಂಗ್‌ನವ್ನೇ ಮಾಡ್ಕೊಟ್ಟ."

ಕಾಫಿ ಒಣಗಿಸುವ ಕಣಗಳಿಗೆ ನಮ್ಮ ಕಡೆ ಅಂಥ ಗೇಟು ಮಾಮೂಲು. ಆಸ್ಪತ್ರೆ ಮುಂದೆ ಬೋಲ್ಟು ಬಿಚ್ಚಿ, ಕಂಬವನ್ನು ಹಿಂದಿನ ಬಾಗಿಲ ಸಮೇತ ಎತ್ತಿ ಗೋಡೆಗೆ ಒರಗಿಸಿ, ತಾಯಿಯನ್ನು ಕಾಲು ಚಾಚಿದಂತೆಯೇ ಎತ್ತಿಕೊಳ್ಳುತ್ತಿದ್ದನಂತೆ. ಅಡ್ಡ ಬರುತ್ತದೆಂದು ಸೀಟ್ ಬೆಲ್ಟನ್ನೂ ಕಿತ್ತು ಮನೆಯಲ್ಲಿಟ್ಟಿದ್ದ.

"ನನ್ ಸೊಂಟ ಮುರ್ದಿದ್ದು ಸಾಲ್ದು ಅಂತ ಕಾರಿನ ಸೊಂಟಾನೂ ಮುರ್ದವ್ನೆ ಕಣವ್ವ" ಎಂದರು ಗಂಗಮ್ಮ, ಟವಲ್ ಬಿಡದೆ.

ಕಾರಿನ ಚಾವಣಿಯನ್ನು ಹೊತ್ತು ನಿಂತಿರುವುದು ಒಂದೊಂದು ಪಕ್ಕಕ್ಕೆ ಮೂರು ಕಂಬ. ಮುಂದಿನ ಗಾಜಿನ ಪಕ್ಕದ್ದು ಎ ಪಿಲ್ಲರ್, ಎರಡು ಬಾಗಿಲ ನಡುವಿನದು ಬಿ, ಹಿಂದಿನ ಬಾಗಿಲಾಚೆಯದು ಸಿ. ಪಕ್ಕದಿಂದ ಗಾಡಿ ಗುದ್ದಿದರೆ ಒಳಗಿದ್ದವರಿಗೂ ಅದಕ್ಕೂ ನಡುವೆ ನಿಲ್ಲುವುದು ಮುಖ್ಯವಾಗಿ ಬಿ ಪಿಲ್ಲರ್. ಮುಂದಿನ ಬಾಗಿಲಿನ ಲಾಕ್ ಕಚ್ಚುವುದು ಇದನ್ನು, ಹಿಂದಿನ ಬಾಗಿಲು ತೂಗುವುದು ಇದರಿಂದ, ಮುಂದೆ ಕೂತವರ ಸೀಟ್ ಬೆಲ್ಟು ಇಳಿಯುವುದೂ ಇದರ ನೆತ್ತಿಯಿಂದ. ಹೊರಗಿಂದ ತಗಡಿನಂತೆ ಕಂಡರೂ ಒಳಗೆ ಪದರ ಪದರ ಉಕ್ಕು. ಚಾವಣಿಯಿಂದ ಬಾಗಿಲ ಕೆಳಗಿನ ಹೊಸ್ತಿಲವರೆಗೆ ಒಂದೇ ಮೈಯಾಗಿ ಬೆಸೆದಿದ್ದರೆ ಮಾತ್ರ ಅದಕ್ಕೆ ಬಲ. ಗೇಟಿನ ಕಂಬ ನಿಂತಲ್ಲೇ ನಿಂತಿರುತ್ತದೆ. ಇದು ನಮ್ಮ ಹಳ್ಳ ಬಿದ್ದ ರಸ್ತೆಗಳಲ್ಲಿ ದಿನವೂ ತಿರುಚಿಸಿಕೊಳ್ಳುತ್ತದೆ.

ಗಂಗಮ್ಮನನ್ನು ಇಳಿಸಿ ನಮ್ಮ ಮಂಚದ ಮೇಲೆ ಕೂರಿಸಿದೆವು. ಯಜಮಾನರು ಕಾರಿನ ಹಿಂದಕ್ಕೆ ಜಾಕ್ ಕೊಟ್ಟರು. ಜಾಕ್ ಏರಿದಂತೆ ಮುಂದಿನ ಬಾಗಿಲಿನ ಮೇಲಿನ ಸಂದು ಮುಚ್ಚುತ್ತಾ ಬಂತು, ಕೆಳಗಿನದು ಬಾಯಿ ಬಿಟ್ಟಿತು. ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಸೀಳು. ಕಲ್ಲು ಹೊಡೆದ ಗುರುತಿಲ್ಲ.

"ನೋಡ್ದಾ ಮಾರಾಯ? ಗಾಡಿ ಬಳುಕ್ತೈತೆ. ಇದನ್ನ ಬಡಿದು ಕೂರ್ಸೋಕಾಗಲ್ಲ. ಇಲ್ಲೇ ಬುಟ್ಟೋಗು" ಎಂದರು ಯಜಮಾನರು.

"ಬುಟ್ಟೋಗು ಅಂದ್ಬುಟ್ರೆ? ನಾಡಿದ್ದು ಅವ್ವನ್ನ ಹೊತ್ಕೊಂಡು ಹೋಗ್ಲಾ ಅಣ್ಣ? ಒಂದು ಸಲ ತಪ್ಪಿದ್ರೆ ಉಸಿರು ಕಟ್ತೈತೆ. ಹೋದ ತಿಂಗ್ಳು ನೋಡೀವ್ನಿ."

ಯಜಮಾನರು ಜಾಕ್ ಇಳಿಸಿದರು. ಹಾಗೇ ಕಳಿಸಿದರೆ ದಾರಿಯಲ್ಲಿ ಭಯ, ಕಳಿಸದಿದ್ದರೆ ಮನೆಯಲ್ಲಿ. ಕಂಬ ಬೆಸೆದುಕೊಟ್ಟರೂ ಅವರನ್ನು ಒಳಗೆ ಕೂರಿಸುವುದು ಹೇಗೆ ಎಂಬುದು ಹಾಗೇ ಉಳಿಯುತ್ತಿತ್ತು.

ನಾಲ್ವರಿಗೂ ಅನ್ನ, ಸಾರು ಬಡಿಸಿದೆ. ಗಂಗಮ್ಮನಿಗೆ ಸಾರು ಬೇಡ, ಉಪ್ಪಿಲ್ಲದ್ದು ಅವರೇ ತಂದಿದ್ದರು. ಉಂಡ ಮೇಲೆ ನಮ್ಮ ಹಳೇ ಕಾರು ತೋರಿಸಿ, "ನಾಡಿದ್ದು ಇವರು ಇದರಲ್ಲಿ ನಿಮ್ಮನೆಗೇ ಬರ್ತಾರೆ. ಹೆಂಗೂ ನಿನ್ನ ಕಾರಿನ ಕಂಬಕ್ಕೆ ಹಾಸನದ ಗುಜರಿಗೆ ಹೋಗ್ಲೇಬೇಕು" ಅಂದೆ. ಯಜಮಾನರು ನನ್ನ ಮುಖ ನೋಡಿದರು, ಬೇಡ ಅನ್ನಲಿಲ್ಲ.

"ಅದ್ರಲ್ಲೂ ಕಂಬ ಐತಲ್ಲಕ್ಕ" ಎಂದ ಪರಮೇಶ.

ಡಿಕ್ಕಿಯಿಂದ ಮಲಗಿಸಿ ತಳ್ಳೋಣವೆಂದರು ಯಜಮಾನರು. "ನಾನೇನು ಕಾಫಿ ಮೂಟೆನಾ?" ಅಂದರು ಗಂಗಮ್ಮ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಒರಗಿಸಿ ನೋಡಿದೆವು. ಬೆನ್ನು ಮೊದಲು ಒಳಗೆ ಹೋಗುತ್ತಿತ್ತು, ಆದರೆ ಸೀಟಿನ ಬಟ್ಟೆ ಸೀರೆ ಹಿಡಿದು ಮೈ ತಿರುಗುತ್ತಿರಲಿಲ್ಲ. ಎರಡನೇ ಸಲ ಸಿಕ್ಕಿಕೊಂಡಾಗ ಗಂಗಮ್ಮನೇ, "ಅಲ್ಲಿ ಬಿದ್ದೈತಲ್ಲ ಗೊಬ್ಬರದ ಚೀಲ, ಅದನ್ನ ಅಡಿಗೆ ಹಾಸ್ರೋ. ಪ್ಲಾಸ್ಟಿಕ್ಕು ಜಾರ್ತೈತೆ. ಜಾರೋದು ನನಗೆ ಯಾರೂ ಹೇಳ್ಕೊಡ್ಬೇಕಿಲ್ಲ, ಬಚ್ಚಲಲ್ಲೇ ಕಲ್ತಿದೀನಿ" ಎಂದರು.

ಚೀಲ ಒರೆಸಿ ಹಾಸಿದೆ. ಪರಮೇಶ ಕಾಲು ಹಿಡಿದ, ನಾನು ಭುಜ ಹಿಡಿದೆ. ಚೀಲದ ಮೇಲೆ ಮೈ ಸಲೀಸಾಗಿ ಹೊರಳಿತು, ಚಾಚಿದ ಕಾಲು ಡ್ಯಾಶ್‌ಬೋರ್ಡಿನ ಅಡಿ ಸೇರಿತು. ಕೂತ ಮೇಲೆ ಚೀಲ ಎಳೆದುಕೊಂಡು, ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಬಿ ಪಿಲ್ಲರಿನಿಂದ ಬೆಲ್ಟು ಎಳೆದು ಹಾಕಿದೆ. ಪರಮೇಶ ಆ ಬೆಲ್ಟನ್ನೇ ನೋಡುತ್ತಾ ನಿಂತ. ಯಜಮಾನರು ಅದೇ ಕಾರಿನಲ್ಲಿ ಇಬ್ಬರನ್ನೂ ಮನೆ ಮುಟ್ಟಿಸಿ ಬಂದರು.

ಮುಂದಿನ ಕೆಲಸ ಒಂದು ವಾರ ಮೀರಿತು. ಯಜಮಾನರು ಗುಜರಿಯಲ್ಲಿ ಅದೇ ಮಾಡೆಲ್ಲಿನ, ಪಕ್ಕಕ್ಕೆ ಏಟು ಬೀಳದ ಕಾರಿನಿಂದ ಹೊಸ್ತಿಲಿನ ತುಂಡಿನ ಸಮೇತ ಕಂಬ ಕೊಯ್ಸಿ ತಂದರು. ಒಳಗಿನ ಪದರದ ಬೆಸುಗೆ ಒಂದು ಎತ್ತರದಲ್ಲಿ, ಹೊರಗಿನದರದ್ದು ಇನ್ನೊಂದು ಎತ್ತರದಲ್ಲಿ ಬರುವಂತೆ ಬೆಸೆಯಬೇಕು. ಒಂದೇ ಗೆರೆಯಲ್ಲಿ ಬೆಸೆದರೆ ಮತ್ತೆ ಅಲ್ಲೇ ಮುರಿಯುತ್ತದೆ. ನಾನು ಬಾಗಿಲ ಕಂಡಿಯ ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಸರಿಯಿರುವ ಬಲಗಡೆಗೆ ಹೋಲಿಸುವುದು. ಅವರು ಜಾಕಿನಲ್ಲಿ ಕೂದಲೆಳೆಯಷ್ಟು ಎತ್ತುವುದು. ಮತ್ತೆ ಅಳೆಯುವುದು. ಭುಜ ನೋವೆಂದು ಅವರು ನಡುನಡುವೆ ನೆಲದ ಮೇಲೇ ಒರಗುತ್ತಿದ್ದರು. ಆ ದಿನಗಳಲ್ಲೂ ಗಂಗಮ್ಮನ ಹಾಸನದ ಪ್ರಯಾಣ ನಮ್ಮ ಕಾರಿನಲ್ಲೇ ನಡೆಯಿತು.

ಕೊನೆಯ ದಿನ ಹಾಸನದಿಂದ ಬಂದವರನ್ನು ಶೆಡ್ಡಿನಲ್ಲಿ ಅದೇ ಚೀಲ ಹಾಸಿ ಅವರ ಕಾರಿನ ಮುಂದಿನ ಸೀಟಿಗೆ ಬದಲಾಯಿಸಿದೆವು. ಕೂತವರೇ ಗಂಗಮ್ಮ ಬಾಗಿಲ ಕಡೆಗೆ ಕೈ ಚಾಚಿ ತಡಕಾಡಿದರು.

"ಟವಲ್ ಎಲ್ಲವ್ವ?"

"ಇನ್ನು ಬೇಡ ಕಣಮ್ಮ. ಬಾಗಿಲು ಅದೇ ಹಿಡ್ಕೊಳ್ತದೆ" ಅಂದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗಾಡಿಯ ಕಂಬ ಕೊಯ್ಯಬಾರದು ಎಂದು ಹೇಳುವುದು ಸುಲಭ, ಯಾರು ಬೇಕಾದರೂ ಹೇಳಬಹುದು. ಕೊಯ್ದವನು ಯಾಕೆ ಕೊಯ್ದ ಎಂದು ಕೇಳಿ, ಅದಕ್ಕೂ ಒಂದು ದಾರಿ ಮಾಡಿಕೊಟ್ಟ ಮೇಲೇ ನಮ್ಮ ರಿಪೇರಿ ಮುಗಿಯುವುದು. ಇಲ್ಲದಿದ್ದರೆ ಅವನು ಬೇರೆ ಕಡೆ ಹೋಗಿ ಮತ್ತೆ ಕೊಯ್ಸುತ್ತಾನೆ.

ಅಂದು ರಾತ್ರಿ ಅಕ್ಕಿ ರೊಟ್ಟಿ, ಹುರುಳಿ ಚಟ್ನಿ ಮಾಡಿದೆ. ಯಜಮಾನರು ಒಂದೂವರೆ ರೊಟ್ಟಿ ತಿಂದು, ಉಳಿದರ್ಧ ತಟ್ಟೆಯಲ್ಲಿರುವಾಗಲೇ ಗೋಡೆಗೊರಗಿ ನಿದ್ದೆ ಹೋದರು. ಇವತ್ತು ಎಲ್ಲರಿಗಿಂತ ಮೊದಲು ಮಲಗಿದ್ದು ಇವರೇ ಎಂದುಕೊಂಡು ತಟ್ಟೆ ಎತ್ತುತ್ತಿದ್ದೆ, ಪರಮೇಶನ ಫೋನು ಬಂತು.

"ಮನೆ ಸೇರಿದ್ವಿ ಕಣಕ್ಕ. ಅವ್ವ ಹೇಮಾವತಿ ಸೇತುವೆ ದಾಟೋಕೆ ಮುಂಚೆನೇ ಮಲಗ್ಬುಟ್ಟಿತ್ತು. ಇಷ್ಟು ದಿನದಾಗೆ ನನ್ ಕಾರಲ್ಲಿ ಒಂದು ದಿನಾನೂ ಕಣ್ಣು ಮುಚ್ಚಿರ್ಲಿಲ್ಲ."